ಇವತ್ತು ಸಂಜೆ ಮಳೆ ಬರುತ್ತಾ? ಬಯಲುಸೀಮೆಯ ಬೇಸಿಗೆ ಗುಡುಗು ಮಳೆಯನ್ನು ಅಂದಾಜು ಮಾಡಿ ತಯಾರಾಗುವ ಬಗೆ

ಮಾರ್ಚ್‌ನಿಂದ ಮೇ ಕೊನೆಯ ತನಕ ಬಯಲುಸೀಮೆಯಲ್ಲಿ ಬೀಳುವ ಮಳೆಗೆ ಮುಂಗಾರಿನ ಶಿಸ್ತು ಇರುವುದಿಲ್ಲ. ಬೆಳಿಗ್ಗೆ ಆಕಾಶ ತಿಳಿಯಾಗಿರುತ್ತದೆ, ಮಧ್ಯಾಹ್ನ ಕಲಬುರಗಿ, ರಾಯಚೂರು ಕಡೆ 40 ಡಿಗ್ರಿಯ ಆಚೀಚೆ ಬಿಸಿಲು, ನಾಲ್ಕು ಗಂಟೆಗೆ ಒಂದು ಮೂಲೆಯಲ್ಲಿ ಮೋಡ, ಐದಕ್ಕೆ ಧೂಳು, ಐದೂಕಾಲಿಗೆ ಮಳೆ, ಆರಕ್ಕೆ ಎಲ್ಲ ಮುಗಿದು ಮರ ಬಿದ್ದ ರಸ್ತೆ. ಪಕ್ಕದ ಊರಿಗೆ ಒಂದು ಹನಿಯೂ ಇಲ್ಲ. ಇಂಥ ಮಳೆಯನ್ನು ಗಡಿಯಾರ ಇಟ್ಟು ಹೇಳಲು ಯಾರಿಗೂ ಆಗದು. ಆದರೆ ಇವತ್ತು ಬರುವ ಸಾಧ್ಯತೆ ಎಷ್ಟು, ಬಂದರೆ ಗಾಳಿ ಜೋರೋ ಮಳೆ ಜೋರೋ, ಬಂದ ಮೇಲೆ ಎಷ್ಟು ತಂಪಾಗುತ್ತದೆ ಎಂಬ ಮೂರನ್ನು ಮನೆಯಲ್ಲೇ ಕೂತು ಬಹುಮಟ್ಟಿಗೆ ಅಂದಾಜು ಮಾಡಬಹುದು. ಅದಕ್ಕೆ ಬೇಕಾದ್ದು ಹವಾಮಾನ ಇಲಾಖೆಯ ಮುನ್ಸೂಚನೆ, ಎರಡು ಥರ್ಮಾಮೀಟರ್ ಮತ್ತು ಆಕಾಶ ನೋಡುವ ತಾಳ್ಮೆ.

ಮುನ್ಸೂಚನೆಯ ಮಾತನ್ನು ಬಿಡಿಸಿ ಓದುವುದು

"ಉತ್ತರ ಒಳನಾಡಿನ ಒಂದೆರಡು ಕಡೆ ಗುಡುಗು ಸಹಿತ ಮಳೆಯಾಗುವ ಸಾಧ್ಯತೆ" ಎಂಬ ಸಾಲನ್ನು ಜನ ಓದಿ, ಮಳೆ ಬಾರದಿದ್ದರೆ ಇಲಾಖೆಯನ್ನು ಬೈಯುತ್ತಾರೆ. ಆ ಸಾಲಿನ ಒಂದೊಂದು ಪದಕ್ಕೂ ಅಳತೆ ಇದೆ. ಒಂದೆರಡು ಕಡೆ ಎಂದರೆ ಆ ವಿಭಾಗದ ಮಳೆಮಾಪನ ಕೇಂದ್ರಗಳಲ್ಲಿ ನೂರಕ್ಕೆ 25ರಷ್ಟು ಅಥವಾ ಅದಕ್ಕಿಂತ ಕಡಿಮೆ ಕಡೆ. ಕೆಲವು ಕಡೆ ಎಂದರೆ 26ರಿಂದ 50, ಹಲವು ಕಡೆ ಎಂದರೆ 51ರಿಂದ 75, ಬಹುತೇಕ ಎಲ್ಲ ಕಡೆ ಎಂದರೆ ಅದಕ್ಕೂ ಮೇಲೆ. ಹಾಗಾಗಿ "ಒಂದೆರಡು ಕಡೆ" ಎಂದು ಹೇಳಿದ ದಿನ ನಿಮ್ಮ ಊರಿಗೆ ಮಳೆ ಬಾರದಿರುವುದೇ ಹೆಚ್ಚು ಸಹಜ. ಅದೇ ಮುನ್ಸೂಚನೆ ಮರುದಿನಕ್ಕೆ "ಹಲವು ಕಡೆ" ಎಂದು ಬದಲಾದರೆ ಕಣದ ಕೆಲಸವನ್ನು ಅವತ್ತಿಗೆ ಇಟ್ಟುಕೊಳ್ಳಬೇಡಿ.

"ಸಾಧ್ಯತೆ" ಎಂಬ ಪದದಲ್ಲೂ ದರ್ಜೆಗಳಿವೆ. ಇಲಾಖೆಯ ಇಂಗ್ಲಿಷ್ ಬುಲೆಟಿನ್‌ನಲ್ಲಿ ಬರೀ "ಲೈಕ್ಲಿ" ಎಂದರೆ 25ರಿಂದ 50 ಪ್ರತಿಶತ. "ವೆರಿ ಲೈಕ್ಲಿ" ಎಂದರೆ 50ರಿಂದ 75, "ಮೋಸ್ಟ್ ಲೈಕ್ಲಿ" ಎಂದರೆ 75ಕ್ಕಿಂತ ಹೆಚ್ಚು. ಕನ್ನಡದ ಸುದ್ದಿಗೆ ಬರುವಷ್ಟರಲ್ಲಿ ಮೂರೂ "ಸಾಧ್ಯತೆ ಇದೆ" ಆಗಿಬಿಡುತ್ತವೆ. ಮಹತ್ವದ ಕೆಲಸ ಇದ್ದ ದಿನ ಮೂಲ ಬುಲೆಟಿನ್ ನೋಡುವುದು ಇದೇ ಕಾರಣಕ್ಕೆ.

ಬಣ್ಣಗಳ ವಿಷಯ ಸರಳ. ಹಸಿರು ಎಂದರೆ ಎಚ್ಚರಿಕೆ ಇಲ್ಲ, ಹಳದಿ ಎಂದರೆ ಗಮನ ಇಟ್ಟಿರಿ, ಕಿತ್ತಳೆ ಎಂದರೆ ತಯಾರಾಗಿ, ಕೆಂಪು ಎಂದರೆ ಈಗಲೇ ಕ್ರಮ ಕೈಗೊಳ್ಳಿ. ಬೇಸಿಗೆ ಮಳೆಯಲ್ಲಿ ಹಳದಿಯನ್ನು ಕಡೆಗಣಿಸುವಂತಿಲ್ಲ. ಸಿಡಿಲಿಗೆ ಬಣ್ಣ ಗೊತ್ತಾಗುವುದಿಲ್ಲ. ಇಲಾಖೆಯ ಭಾಷೆಯಲ್ಲಿ "ಭಾರಿ ಮಳೆ" ಎಂದರೆ 24 ಗಂಟೆಗಳಲ್ಲಿ 64.5 ಮಿ.ಮೀ.ಗಿಂತ ಹೆಚ್ಚು. ಬೇಸಿಗೆಯ ಒಂದು ಗುಡುಗು ಮಳೆ 20 ಮಿ.ಮೀ. ಮಾತ್ರ ಸುರಿಸಿದರೂ ಇಪ್ಪತ್ತು ನಿಮಿಷದಲ್ಲಿ ಸುರಿಸಿದರೆ ಚರಂಡಿ ಉಕ್ಕುತ್ತದೆ, ಅಂಡರ್‌ಪಾಸ್ ತುಂಬುತ್ತದೆ. ಅಂದರೆ ಭಾರಿ ಮಳೆಯ ಎಚ್ಚರಿಕೆ ಇಲ್ಲದ ದಿನವೂ ಹಾನಿ ಆಗಬಹುದು. ಈ ಕಾಲದಲ್ಲಿ ಮೊದಲು ನೋಡಬೇಕಾದ್ದು ಗಾಳಿಯ ಅಂಕಿ: ಗಂಟೆಗೆ 30ರಿಂದ 40 ಕಿ.ಮೀ. ಎಂದಿದೆಯೋ, 50ರಿಂದ 60 ಎಂದಿದೆಯೋ.

ಬೆಳಿಗ್ಗೆಯ ಮುನ್ಸೂಚನೆ ದಿನದ ಯೋಜನೆಗೆ ಸಾಕು, ಸಂಜೆಯ ನಿರ್ಧಾರಕ್ಕೆ ಸಾಲದು. ಮಧ್ಯಾಹ್ನದ ನಂತರ ಮೂರು ಗಂಟೆಗಳ ಮಟ್ಟಿಗೆ ಹೊರಡುವ ಜಿಲ್ಲಾವಾರು ತತ್‌ಕ್ಷಣದ ಮುನ್ಸೂಚನೆ, ಅಂದರೆ "ನೌಕಾಸ್ಟ್", ನೋಡಬೇಕು. ಇಲಾಖೆಯ ಮೌಸಮ್ ಆ್ಯಪ್‌ನಲ್ಲಿ ಅದು ಸಿಗುತ್ತದೆ. ಉಪಗ್ರಹ ಮತ್ತು ರಾಡಾರ್ ಚಿತ್ರ ನೋಡುವವರು ಮೂಲೆಯಲ್ಲಿರುವ ಸಮಯವನ್ನು ಗಮನಿಸಿ. ಅಲ್ಲಿ "ಯುಟಿಸಿ", ಅಂದರೆ ಅಂತರರಾಷ್ಟ್ರೀಯ ಸಮಯ, ಎಂದಿದ್ದರೆ ಐದೂವರೆ ಗಂಟೆ ಸೇರಿಸಬೇಕು. 10:30 ಎಂದಿರುವ ಚಿತ್ರ ನಮ್ಮ ಸಂಜೆ ನಾಲ್ಕರದ್ದು. ಇದನ್ನು ಬೆಳಗಿನ ಹಳೆಯ ಚಿತ್ರ ಎಂದು ತಿಳಿದು ಪಕ್ಕಕ್ಕಿಟ್ಟು ತೊಯ್ದವರು ಬಹಳ.

ಒಣ ಬುರುಡೆ, ಒದ್ದೆ ಬುರುಡೆ

ಗುಡುಗು ಮಳೆಗೆ ಎರಡು ವಸ್ತು ಬೇಕು: ಕಾದ ನೆಲ ಮತ್ತು ತೇವ ತುಂಬಿದ ಗಾಳಿ. ಏಪ್ರಿಲ್‌ನ ಬಯಲುಸೀಮೆಯಲ್ಲಿ ಕಾದ ನೆಲಕ್ಕೆ ಬರವಿಲ್ಲ. ತೇವ ಇದೆಯೋ ಇಲ್ಲವೋ ಎಂಬುದೇ ಪ್ರಶ್ನೆ. ಬೇಸಿಗೆಯಲ್ಲಿ ವಿದರ್ಭ, ಮರಾಠವಾಡದ ಕಡೆಯಿಂದ ಕರ್ನಾಟಕದ ಒಳನಾಡಿನ ಮೂಲಕ ತಮಿಳುನಾಡಿನವರೆಗೆ ಕಡಿಮೆ ಒತ್ತಡದ ಒಂದು ಪಟ್ಟಿ ಆಗಾಗ ಹರಡಿಕೊಳ್ಳುತ್ತದೆ. ಬುಲೆಟಿನ್‌ನಲ್ಲಿ ಇದನ್ನೇ "ಟ್ರಫ್" ಎನ್ನುತ್ತಾರೆ. ಅದರ ಒಂದು ಬದಿಯಲ್ಲಿ ವಾಯವ್ಯದ ಒಣಗಾಳಿ, ಇನ್ನೊಂದು ಬದಿಯಲ್ಲಿ ಬಂಗಾಳ ಕೊಲ್ಲಿಯಿಂದ ಬರುವ ತೇವದ ಗಾಳಿ. ಈ ಪಟ್ಟಿ ದಿನಕ್ಕೊಂದು ಜಾಗ ಹಿಡಿಯುತ್ತದೆ. ನಿಮ್ಮ ಊರು ಇವತ್ತು ಯಾವ ಬದಿಯಲ್ಲಿದೆ ಎಂದು ತಿಳಿಯುವ ಅಗ್ಗದ ದಾರಿಯೇ ಎರಡು ಥರ್ಮಾಮೀಟರ್.

ಲ್ಯಾಬ್ ಸಾಮಗ್ರಿ ಮಾರುವ ಅಂಗಡಿಯಲ್ಲಿ ಗಾಜಿನ, ಕೆಂಪು ದ್ರವದ, ಕನಿಷ್ಠ 50 ಡಿಗ್ರಿ ತೋರಿಸುವ ಥರ್ಮಾಮೀಟರ್ ಎರಡು ತನ್ನಿ. ಜ್ವರ ನೋಡುವುದು ಇದಕ್ಕೆ ಆಗದು. ಮೊದಲು ಎರಡನ್ನೂ ಒಂದೇ ಲೋಟದ ನೀರಿನಲ್ಲಿ ಐದು ನಿಮಿಷ ಇಟ್ಟು ಒಂದೇ ಅಂಕಿ ತೋರಿಸುತ್ತವೆಯೇ ನೋಡಿ. ಅರ್ಧ ಡಿಗ್ರಿ ವ್ಯತ್ಯಾಸ ಇದ್ದರೆ ಬರೆದಿಟ್ಟುಕೊಂಡು ಪ್ರತಿ ಸಲ ಕಳೆಯಿರಿ. ಒಂದರ ಬುರುಡೆಗೆ, ಅಂದರೆ ದ್ರವ ತುಂಬಿದ ತಳದ ಉಬ್ಬಿಗೆ, ತೆಳು ಮಲ್‌ಮಲ್ ಬಟ್ಟೆಯನ್ನು ಒಂದೇ ಸುತ್ತು ಸುತ್ತಿ ದಾರದಿಂದ ಕಟ್ಟಿ, ಬಟ್ಟೆಯ ಬಾಲವನ್ನು ಪುಟ್ಟ ಬಾಟಲಿಯ ನೀರಿಗೆ ಇಳಿಬಿಡಿ. ದೀಪದ ಬತ್ತಿ ಎಣ್ಣೆ ಹೀರುವ ಹಾಗೆ ಅದು ನೀರು ಹೀರುತ್ತಿರಬೇಕು. ಇದು ಒದ್ದೆ ಬುರುಡೆ, ಬಟ್ಟೆ ಇಲ್ಲದ್ದು ಒಣ ಬುರುಡೆ. ಬುರುಡೆಗೂ ಬಾಟಲಿಯ ಬಾಯಿಗೂ ಮೂರು ಬೆರಳಷ್ಟು ಅಂತರ ಇರಲಿ. ಎರಡನ್ನೂ ನೆರಳಿನಲ್ಲಿ, ಗಾಳಿಯಾಡುವ ಜಗಲಿಯ ಕಂಬಕ್ಕೆ, ಎದೆಯೆತ್ತರದಲ್ಲಿ ತೂಗುಹಾಕಿ. ಗೋಡೆಗೆ ಅಂಟಿಸಿದರೆ ಗೋಡೆಯ ಬಿಸಿ ಓದುತ್ತೀರಿ.

ಅಳೆಯುವ ಹೊತ್ತಿಗೆ ಬೀಸಣಿಗೆಯಿಂದ ಎರಡು ಮೂರು ನಿಮಿಷ ಗಾಳಿ ಬೀಸಿ, ಒದ್ದೆ ಬುರುಡೆಯ ಅಂಕಿ ಇನ್ನು ಇಳಿಯದು ಎನ್ನುವಾಗ ಓದಿ. ಇಲ್ಲಿ ತಪ್ಪುವುದು ಎರಡೇ ಕಡೆ. ಗಾಳಿ ಬೀಸದೆ ಓದಿದರೆ ಅಂಕಿ ಒಂದೆರಡು ಡಿಗ್ರಿ ಹೆಚ್ಚು ಬರುತ್ತದೆ. ಇನ್ನೊಂದು, ಬೋರ್‌ವೆಲ್ಲಿನ ಗಡಸು ನೀರು: ವಾರದಲ್ಲಿ ಬಟ್ಟೆಯ ಮೇಲೆ ಬಿಳಿ ಉಪ್ಪು ಕಟ್ಟಿ ನೀರು ಹೀರುವುದು ನಿಲ್ಲುತ್ತದೆ. ಬ್ಯಾಟರಿಗೆ ಹಾಕುವ ನೀರು ಅಥವಾ ಶೇಖರಿಸಿದ ಮಳೆನೀರು ಬಳಸಿ, ಹದಿನೈದು ದಿನಕ್ಕೊಮ್ಮೆ ಬಟ್ಟೆ ಬದಲಿಸಿ.

ದಿನವೂ ಒಂದೇ ಹೊತ್ತಿಗೆ, ಮಧ್ಯಾಹ್ನ ಒಂದೂವರೆ ಎನ್ನಿ, ಅಳೆದು ಕ್ಯಾಲೆಂಡರಿನ ಚೌಕದಲ್ಲೇ ಬರೆಯಿರಿ. ಒಣ ಬುರುಡೆ 38, ಒದ್ದೆ ಬುರುಡೆ 20 ಇದ್ದರೆ ಅಂತರ 18. ಗಾಳಿಯ ತೇವಾಂಶ ನೂರಕ್ಕೆ 18ರಷ್ಟು, ಇಬ್ಬನಿ ಬಿಂದು, ಅಂದರೆ ಗಾಳಿ ಎಷ್ಟು ತಣ್ಣಗಾದರೆ ಅದರ ತೇವ ಹನಿಗಟ್ಟುತ್ತದೋ ಆ ತಾಪಮಾನ, 10 ಡಿಗ್ರಿಯ ಸುಮಾರು. ಗಾಳಿ ಒಣಗಿದೆ. ಒಣ ಬುರುಡೆ 36, ಒದ್ದೆ ಬುರುಡೆ 24 ಇದ್ದರೆ ಅಂತರ 12. ತೇವಾಂಶ 37ರ ಸುಮಾರು, ಇಬ್ಬನಿ ಬಿಂದು 19. ಇದು ಮಳೆ ಕಟ್ಟಬಲ್ಲ ಗಾಳಿ. ಬಿಡಿ ಅಂಕಿಗಿಂತ ಏರಿಳಿತ ಮುಖ್ಯ. ನಿನ್ನೆ ಇದೇ ಹೊತ್ತಿಗೆ 20 ಇದ್ದ ಒದ್ದೆ ಬುರುಡೆ ಇವತ್ತು 22 ತೋರಿಸಿದರೆ ತೇವ ಒಳಗೆ ಬಂದಿದೆ. ಸೆಕೆ ಜಾಸ್ತಿಯಾಗಿದೆ, ಮಳೆ ಬರಬಹುದು ಎಂದು ಹಿರಿಯರು ಹೇಳುವುದು ಚರ್ಮದ ಮೇಲೆ ಓದಿದ ಇದೇ ಅಂಕಿಯನ್ನು. ಬೆವರು ಆರದಿದ್ದರೆ ಒದ್ದೆ ಬುರುಡೆ ಏರಿದೆ ಎಂದೇ ಅರ್ಥ.

ಈ ಒದ್ದೆ ಬುರುಡೆಗೆ ಇನ್ನೊಂದು ಉಪಯೋಗವಿದೆ, ಅದನ್ನು ಬಹಳ ಜನ ಬಳಸುವುದಿಲ್ಲ. ಗುಡುಗು ಮಳೆಯ ತಂಪು ಎಲ್ಲಿಂದ ಬರುತ್ತದೆ? ಮೋಡದಿಂದ ಬೀಳುವ ಹನಿ ಕೆಳಗಿನ ಒಣ ಗಾಳಿಯಲ್ಲಿ ಆವಿಯಾಗುತ್ತದೆ, ಆವಿಯಾಗುವಾಗ ಗಾಳಿಯ ಶಾಖ ಕಸಿಯುತ್ತದೆ, ತಂಪಾಗಿ ಭಾರವಾದ ಗಾಳಿ ಧೊಪ್ಪನೆ ನೆಲಕ್ಕೆ ಬಂದು ಸುತ್ತ ಹರಡುತ್ತದೆ. ನಿಮ್ಮ ಒದ್ದೆ ಬಟ್ಟೆಯಲ್ಲಿ ನಡೆಯುವುದೂ ಅದೇ ಕೆಲಸ. ಹಾಗಾಗಿ ಒಳ್ಳೆಯ ಮಳೆ ಹೊಡೆದ ಮೇಲೆ ಹೊರಗಿನ ತಾಪಮಾನ ಇಳಿದು ನಿಲ್ಲುವುದು ಮಧ್ಯಾಹ್ನದ ಒದ್ದೆ ಬುರುಡೆಯ ಅಂಕಿಯ ಆಸುಪಾಸಿನಲ್ಲಿ. ಒಣ 36, ಒದ್ದೆ 24 ಇದ್ದ ದಿನ ಮಳೆ ಬಂದರೆ ಸಂಜೆ 24ರ ಹತ್ತಿರ ಬರುತ್ತದೆ ಎಂದು ಮಧ್ಯಾಹ್ನವೇ ಹೇಳಬಹುದು.

ಹಾಗೆಯೇ ಅಂತರ ತೀರಾ ದೊಡ್ಡದಿರುವ ದಿನ ಮೋಡ ಕಟ್ಟಿದರೆ ಇನ್ನೂ ಹೆಚ್ಚು ಎಚ್ಚರ ಬೇಕು. ಹನಿಗಳು ದಾರಿಯಲ್ಲೇ ಆವಿಯಾಗುತ್ತವೆ, ಮಳೆ ನೆಲ ಮುಟ್ಟುವುದಿಲ್ಲ, ಮೋಡದ ಕೆಳಗೆ ಬೂದು ಜಾಲರಿಯಂತೆ ನೇತಾಡುವುದಷ್ಟೇ ಕಾಣುತ್ತದೆ. ಆದರೆ ಆ ಆವಿಯಾಗುವಿಕೆಯೇ ಬಲವಾದ ಗಾಳಿಯನ್ನು ಕೆಳಕ್ಕೆ ತಳ್ಳುತ್ತದೆ. ನಾಲ್ಕು ಹನಿ, ಕಣ್ಣು ಬಿಡಲಾಗದ ಧೂಳು, ಹಾರಿದ ತಗಡು: ಮಾರ್ಚ್ ಕೊನೆ, ಏಪ್ರಿಲ್ ಮೊದಲಲ್ಲಿ ಉತ್ತರದ ಜಿಲ್ಲೆಗಳಲ್ಲಿ ಇದು ಸಾಮಾನ್ಯ. ಮಳೆ ಕಡಿಮೆ ಎಂದ ಮಾತ್ರಕ್ಕೆ ಹಾನಿ ಕಡಿಮೆ ಎಂದಲ್ಲ.

ಗಂಟೆಗೊಮ್ಮೆ ಆಕಾಶ

ಹನ್ನೆರಡರಿಂದ ಒಂದರೊಳಗೆ ಹತ್ತಿ ಉಂಡೆಯಂಥ ಬಿಡಿ ಮೋಡಗಳು ಏಳಬೇಕು. ಅವು ಅಗಲವಾಗಿ ಹರಡಿ ಚಪ್ಪಟೆಯಾದರೆ ಅವತ್ತು ಹೆಚ್ಚೇನೂ ಆಗದು. ಎತ್ತರ ಅಗಲಕ್ಕಿಂತ ಹೆಚ್ಚಾಗಿ, ತಲೆ ಹೂಕೋಸಿನಂತೆ ಗಂಟುಗಂಟಾಗಿ, ಅಂಚು ಚೂಪಾಗಿ ಕಂಡರೆ ಮೇಲಕ್ಕೆ ಬೆಳೆಯುತ್ತಿದೆ ಎಂದರ್ಥ. ಎರಡರಿಂದ ಮೂರೂವರೆ ದಿನದ ಗರಿಷ್ಠ ಬಿಸಿಯ ಹೊತ್ತು, ಮೋಡದ ಬೆಳವಣಿಗೆಯೂ ಆಗಲೇ. ತಲೆಯ ಗಂಟುಗಳು ಕರಗಿ ರೇಷ್ಮೆಯಂತೆ ನಯವಾಗಿ, ಕಮ್ಮಾರನ ಅಡಿಗಲ್ಲಿನ ಹಾಗೆ ಒಂದು ಬದಿಗೆ ಚಾಚಿಕೊಂಡರೆ ಮೋಡದ ತುದಿ ಹೆಪ್ಪುಗಟ್ಟಿದೆ. ಈಗ ಅದು ಗುಡುಗಿನ ಮೋಡ. ಇಂಥವು 12 ಕಿ.ಮೀ. ಮೀರಿ ಏರುವುದು ಬೇಸಿಗೆಯಲ್ಲಿ ಅಪರೂಪವಲ್ಲ. ಹೀಗಾಗಿಯೇ ಮೂರು ತಾಲ್ಲೂಕು ಆಚೆಗಿರುವುದೂ ಪಕ್ಕದ ಊರಿನ ಮೇಲಿರುವಂತೆ ಕಾಣುತ್ತದೆ.

ಅದು ನಿಮ್ಮ ಕಡೆಗೆ ಬರುತ್ತಿದೆಯೇ? ನೆಲದ ಗಾಳಿ ನೋಡಿ ನಿರ್ಧರಿಸಬೇಡಿ. ಬೆಳೆಯುತ್ತಿರುವ ಮೋಡ ಸುತ್ತಲಿನ ಗಾಳಿಯನ್ನು ತನ್ನೊಳಗೆ ಎಳೆಯುವುದರಿಂದ ಮಳೆ ಬರುವ ಮುಂಚೆ ಗಾಳಿ ಅದರ ಕಡೆಗೇ ಬೀಸಬಹುದು. ಕೊಂಬೆಯ ತುದಿಯೋ ವಿದ್ಯುತ್ ಕಂಬವೋ ಯಾವುದಾದರೂ ಅಲುಗದ ಗುರುತಿನ ಪಕ್ಕದಲ್ಲಿ ಮೋಡದ ನಡುಭಾಗವನ್ನು ಹತ್ತು ನಿಮಿಷ ಗಮನಿಸಿ. ಗುರುತಿನಿಂದ ಎಡಕ್ಕೋ ಬಲಕ್ಕೋ ಸರಿಯುತ್ತಿದ್ದರೆ ಪಕ್ಕದಲ್ಲಿ ಹಾದುಹೋಗುತ್ತದೆ. ಅಲ್ಲೇ ನಿಂತು ಬರೀ ದೊಡ್ಡದಾಗುತ್ತಿದ್ದರೆ ನಿಮ್ಮ ಕಡೆಗೇ ಬರುತ್ತಿದೆ. ಇಷ್ಟಾದರೂ ಪಕ್ಕದಲ್ಲಿ ಹೋದ ಮೋಡವನ್ನು ಮರೆಯುವಂತಿಲ್ಲ. ಅದರಿಂದ ಹರಡಿದ ತಂಪು ಗಾಳಿ ಹತ್ತಿಪ್ಪತ್ತು ಕಿ.ಮೀ. ದೂರ ಓಡಿ, ಅಲ್ಲಿನ ಬಿಸಿ ಗಾಳಿಯನ್ನು ಎತ್ತಿ, ಹೊಸ ಮೋಡ ಹುಟ್ಟಿಸುತ್ತದೆ. ಅಂಚು ತಪ್ಪಿತು ಎಂದುಕೊಂಡ ಅರ್ಧ ಗಂಟೆಯ ಮೇಲೆ ತಲೆಯ ಮೇಲೇ ಹೊಸ ಮೋಡ ಕವಿಯುವುದು ಹೀಗೆ.

ಮೀಡಿಯಂ ವೇವ್ ರೇಡಿಯೊ ಇನ್ನೂ ಮನೆಯಲ್ಲಿದ್ದರೆ ಎರಡು ಸ್ಟೇಷನ್‌ಗಳ ನಡುವಿನ ಖಾಲಿ ಜಾಗಕ್ಕೆ ತಿರುಗಿಸಿ. ದೂರದ ಪ್ರತಿ ಮಿಂಚಿಗೂ ಅದು ಚಟಪಟ ಎನ್ನುತ್ತದೆ, ಗುಡುಗು ಕಿವಿಗೆ ಬೀಳುವ ಎಷ್ಟೋ ಮುಂಚೆ. ಚಟಪಟ ದಟ್ಟವಾಗುತ್ತಾ ಹೋದರೆ ಮೋಡ ಹತ್ತಿರವಾಗುತ್ತಿದೆ ಅಥವಾ ಬಲಿಯುತ್ತಿದೆ.

ದಿಗಂತದಲ್ಲಿ ಕೆಂಗಂದು ಧೂಳಿನ ಗೋಡೆ ಎದ್ದರೆ, ಬಿಸಿಗಾಳಿಯ ನಡುವೆ ಒಮ್ಮೆಲೇ ತಣ್ಣನೆಯ ಗಾಳಿ ಮುಖಕ್ಕೆ ಬಡಿದರೆ, ಮಣ್ಣಿನ ವಾಸನೆ ಬಂದರೆ ಉಳಿದಿರುವುದು ನಿಮಿಷಗಳು. ಆ ಹೊತ್ತಿಗೆ ತಾಡಪಾಲು ಹುಡುಕಲು ಹೊರಟವರು ತಡವಾದರು.

ಗಾಳಿಗೆ ಮುಂಚಿನ ಕೆಲಸ

ಕಣದಲ್ಲಿ ರಾಶಿ ಇರುವವರು ಮೊದಲೇ ಒಂದು ಲೆಕ್ಕ ಹಾಕಿಟ್ಟುಕೊಳ್ಳಬೇಕು: ಹರಡಿದ್ದನ್ನೆಲ್ಲ ಎಳೆದು ರಾಶಿ ಮಾಡಿ ಮುಚ್ಚಲು ಮನೆಯವರಿಗೆ ಎಷ್ಟು ಹೊತ್ತು ಬೇಕು? ಒಂದೂವರೆ ಗಂಟೆ ಬೇಕಿದ್ದರೆ ಮೋಡದ ತಲೆ ಅಡಿಗಲ್ಲಾಗುವವರೆಗೆ ಕಾಯುವಂತಿಲ್ಲ, ಹೂಕೋಸು ಎದ್ದಾಗಲೇ ಶುರು ಮಾಡಬೇಕು. ಗಂಗಾವತಿ, ಸಿಂಧನೂರು ಕಡೆ ಬೇಸಿಗೆ ಭತ್ತ ಕೊಯ್ಯುವುದೂ, ಬ್ಯಾಡಗಿ ಸುತ್ತಮುತ್ತ ಮೆಣಸಿನಕಾಯಿ ಒಣಗಿಸುವ ಕೊನೆಯ ದಿನಗಳೂ ಈ ಮಳೆಯ ಕಾಲಕ್ಕೇ ತಾಗಿಕೊಂಡಿವೆ.

ಮುಚ್ಚುವ ಕ್ರಮದಲ್ಲೇ ಹೆಚ್ಚಿನವರು ತಪ್ಪುತ್ತಾರೆ. ರಾಶಿಯನ್ನು ಚಪ್ಪಟೆ ಬಿಟ್ಟು ಮೇಲೆ ತಾಡಪಾಲು ಹಾಸಿದರೆ ನೀರು ಮಧ್ಯದಲ್ಲಿ ಮಡುಗಟ್ಟಿ, ಭಾರಕ್ಕೆ ಜಗ್ಗಿ, ಹೊಲಿಗೆಯಿಂದ ಒಳಗೆ ಸೋರುತ್ತದೆ. ರಾಶಿ ಬೆನ್ನು ಎದ್ದಿರುವ ಎಮ್ಮೆಯಂತೆ ಉದ್ದಕ್ಕೆ ಇರಲಿ, ಬೆನ್ನಿನ ಮೇಲೆ ಒಂದು ಗಳ ಇರಿಸಿ, ಅದರ ಮೇಲೆ ತಾಡಪಾಲು ಬರಲಿ. ಅಡಿಯಲ್ಲೂ ಒಂದು ಹಾಸು ಬೇಕು. ಮೇಲಿನ ತಾಡಪಾಲು ಅಡಿಹಾಸಿನ ಹೊರಗೆ ಇಳಿಯಬೇಕು, ಒಳಗೆ ಸಿಕ್ಕಿಸಿದರೆ ಹರಿದ ನೀರೆಲ್ಲ ಅಡಿಹಾಸಿನ ಮೇಲೆ ರಾಶಿಯೊಳಗೇ ಹೋಗುತ್ತದೆ. ಸುತ್ತ ಗೇಣಿನಷ್ಟು ಆಳದ ಕಾಲುವೆ ತೆಗೆದು ಇಳಿಜಾರಿನ ಕಡೆ ಬಾಯಿ ಬಿಡಿ. ಕಟ್ಟುವಾಗ ಮೂಲೆಯ ಲೋಹದ ಕಣ್ಣುಗಳನ್ನು ಮಾತ್ರ ನಂಬಬೇಡಿ, ಗಾಳಿಗೆ ಮೊದಲು ಹರಿಯುವುದು ಅವೇ. ರಾಶಿಯ ಮೇಲಿಂದ ಅಡ್ಡಡ್ಡ ಹಗ್ಗ ಹಾಯಿಸಿ, ಎರಡು ತುದಿಗೂ ಅರ್ಧ ತುಂಬಿದ ಮರಳು ಚೀಲ ಕಟ್ಟಿ. ಚೀಲ ಪೂರ್ತಿ ತುಂಬಿದರೆ ಉರುಳುತ್ತದೆ, ಅರ್ಧ ತುಂಬಿದ್ದು ನೆಲ ಕಚ್ಚಿ ಕೂರುತ್ತದೆ. ಮಳೆ ನಿಂತ ಮೇಲೆ ರಾತ್ರಿಯೆಲ್ಲ ಹಾಗೇ ಬಿಡದೆ ಒಂದು ಬದಿ ಎತ್ತಿ ಗಾಳಿಯಾಡಿಸಿ. ಬಿಸಿ ಕಾಳು ಪ್ಲಾಸ್ಟಿಕ್ಕಿನಡಿ ಬೆವೆತು, ಮಳೆ ತಾಗದಿದ್ದರೂ ಬೂಷ್ಟು ಹಿಡಿಯುತ್ತದೆ. ವಿಜಯಪುರದ ಒಣದ್ರಾಕ್ಷಿ ಶೆಡ್ಡುಗಳಿಗೂ ಇದೇ ಮಾತು: ಪರದೆ ಇಳಿಸುವುದು ಎಷ್ಟು ಮುಖ್ಯವೋ, ಮಳೆ ನಿಂತ ತಕ್ಷಣ ಮೇಲೆತ್ತುವುದೂ ಅಷ್ಟೇ ಮುಖ್ಯ.

ತಗಡಿನ ಮಾಡಿಗೆ ಕಲ್ಲು ಹೇರುವ ರೂಢಿ ಬಿಡಬೇಕು. ಗಂಟೆಗೆ 60 ಕಿ.ಮೀ. ಗಾಳಿ ಒಂದು ಚದರ ಮೀಟರಿಗೆ ಹಾಕುವ ಒತ್ತಡ ಸುಮಾರು 17 ಕಿಲೊ ತೂಕದಷ್ಟು. ಹತ್ತು ಅಡಿ ಉದ್ದ, ಮೂರು ಅಡಿ ಅಗಲದ ಒಂದು ತಗಡಿಗೆ ಅದು 47 ಕಿಲೊದ ಸಮೀಪ. ವೇಗ 80 ಆದರೆ ಒತ್ತಡ ಹೆಚ್ಚುಕಡಿಮೆ 1.8 ಪಟ್ಟು, ಯಾಕೆಂದರೆ ಅದು ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಗೋಡೆಯಿಲ್ಲದ ಕೊಟ್ಟಿಗೆಯಲ್ಲಿ ಗಾಳಿ ಅಡಿಯಿಂದಲೂ ಎತ್ತುತ್ತದೆ. ನಾಲ್ಕು ಕಲ್ಲು ಇದನ್ನು ತಡೆಯುವುದಿಲ್ಲ, ತಗಡಿನ ಜೊತೆ ತಾವೂ ಹಾರುತ್ತವೆ. ಅಂಚಿನ ಸಾಲಿನ ತಗಡುಗಳಿಗೆ ಪ್ರತಿ ಉಬ್ಬಿಗೂ ಹುಕ್ ಬೋಲ್ಟ್ ಮತ್ತು ಅಗಲ ವಾಷರ್ ಹಾಕಿಸಿ. ಹಾರುವುದು ಯಾವಾಗಲೂ ಅಂಚಿನಿಂದ ಶುರುವಾಗುತ್ತದೆ, ನಡುವಿನಿಂದಲ್ಲ.

ಬಾಳೆ ತೋಟಕ್ಕೆ ಕಿತ್ತಳೆ ಎಚ್ಚರಿಕೆ ಇದ್ದ ಮಧ್ಯಾಹ್ನ ನೀರು ಬಿಡಬೇಡಿ. ಸಡಿಲಾದ ಮಣ್ಣಿನಲ್ಲಿ ಗೊನೆ ಹೊತ್ತ ಗಿಡ ಬೇರುಸಹಿತ ಮಗುಚುತ್ತದೆ. ಊರುಗೋಲು ಗೊನೆ ಬಾಗಿದ ಕಡೆ ಇರಲಿ. ಮಾವಿನಲ್ಲಿ ಬಲಿತ ಕಾಯಿಯನ್ನು ಒಂದೆರಡು ದಿನ ಮೊದಲೇ ಇಳಿಸುವುದು ಲೇಸು, ನೆಲಕ್ಕೆ ಬಿದ್ದು ಪೆಟ್ಟಾದ ಬಾದಾಮಿ ಮಾವಿಗೆ ಮಂಡಿಯಲ್ಲಿ ಬೆಲೆ ಇಲ್ಲ. ಆಲಿಕಲ್ಲು ಬಿದ್ದ ತೋಟಕ್ಕೆ, ಕೊಯ್ಲು ಹತ್ತಿರ ಇಲ್ಲದಿದ್ದರೆ, ಒಂದೆರಡು ದಿನದೊಳಗೆ ಲೀಟರಿಗೆ 3 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ ಸಿಂಪಡಿಸುವುದು ಗಾಯದಿಂದ ಶಿಲೀಂಧ್ರ ಒಳಹೋಗದಂತೆ ತಡೆಯಲು.

ಸಿಡಿಲು

ಮಿಂಚು ಕಂಡ ಕೂಡಲೇ ಸೆಕೆಂಡು ಎಣಿಸಿ. ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್. ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿಸಿದರೆ ಸಿಡಿಲು 10 ಕಿ.ಮೀ. ಒಳಗಿದೆ, ಹೊಲದಿಂದ ಹೊರಡಬೇಕು. ಕೊನೆಯ ಗುಡುಗು ಕೇಳಿಸಿದ ಮೇಲೆ ಮೂವತ್ತು ನಿಮಿಷ ಆಚೆ ಹೋಗಬಾರದು. ಮಳೆ ನಿಂತಿತು ಎಂದು ಮಾವಿನಕಾಯಿ ಹೆಕ್ಕಲು ಓಡುವ ಮಕ್ಕಳನ್ನು ತಡೆಯಬೇಕಾದ್ದು ಈ ಅರ್ಧ ಗಂಟೆಯಲ್ಲೇ.

ಪುಣೆಯ ಉಷ್ಣವಲಯದ ಹವಾಮಾನ ಸಂಸ್ಥೆ ರೂಪಿಸಿದ ದಾಮಿನಿ ಆ್ಯಪ್ ನೀವಿರುವ ಜಾಗದಿಂದ 20 ಮತ್ತು 40 ಕಿ.ಮೀ. ದೂರದೊಳಗೆ ಬಿದ್ದ ಸಿಡಿಲನ್ನು ತೋರಿಸುತ್ತದೆ. ಲೊಕೇಶನ್ ಆನ್ ಇರಬೇಕು, ನೋಟಿಫಿಕೇಶನ್‌ಗೆ ಅನುಮತಿ ಕೊಟ್ಟಿರಬೇಕು, ಬ್ಯಾಟರಿ ಉಳಿತಾಯದ ಸೆಟ್ಟಿಂಗ್ ಅದನ್ನು ಮುಚ್ಚಿಬಿಡದ ಹಾಗೆ ನೋಡಿಕೊಳ್ಳಬೇಕು. ಗಾಳಿಗೆ ಕರೆಂಟ್ ಹೋದರೆ ಟವರ್ರೂ ಹೋಗುತ್ತದೆ. ಕೊನೆಗೆ ಉಳಿಯುವುದು ನಿಮ್ಮ ಕಿವಿಯೇ.

ಒಂಟಿ ಹುಣಸೆ ಮರ, ಬೇವಿನ ಮರ, ನಾಲ್ಕು ಕಂಬದ ಮೇಲಿನ ತಗಡಿನ ಚಪ್ಪರ, ತೆರೆದ ಟ್ರ್ಯಾಕ್ಟರು ಯಾವುದೂ ಆಸರೆಯಲ್ಲ. ಗೋಡೆ ಇರುವ ಪಕ್ಕಾ ಮನೆ, ಗಾಜು ಏರಿಸಿದ ಕಾರು, ಬಸ್ಸು ಆಗಬಹುದು. ಕುರಿ ಮಂದೆಯನ್ನು ಮರದಡಿ ಗುಂಪುಗೂಡಿಸಿದರೆ ಒಂದೇ ಸಿಡಿಲಿಗೆ ಹತ್ತಾರು ಹೋಗುವುದಕ್ಕೆ ಕಾರಣವಿದೆ. ಮರಕ್ಕೆ ಬಡಿದ ವಿದ್ಯುತ್ತು ನೆಲದಲ್ಲಿ ಸುತ್ತ ಹರಡುವಾಗ ಹೆಜ್ಜೆಯಿಂದ ಹೆಜ್ಜೆಗೆ ವೋಲ್ಟೇಜು ಬೇರೆಯಾಗಿರುತ್ತದೆ. ನಾಲ್ಕು ಕಾಲಿನ ಪ್ರಾಣಿಯ ಮುಂಗಾಲಿಗೂ ಹಿಂಗಾಲಿಗೂ ಅಂತರ ಹೆಚ್ಚು, ನಡುವೆ ಹೃದಯ ಇದೆ. ಮನುಷ್ಯರು ಬಯಲಲ್ಲಿ ಸಿಕ್ಕಿಬಿದ್ದರೆ ಪಾದ ಎರಡನ್ನೂ ಜೋಡಿಸಿ ಕುಕ್ಕರಗಾಲಲ್ಲಿ ಕೂರಬೇಕು, ಮಲಗಬಾರದು ಎನ್ನುವುದೂ ಇದಕ್ಕೇ. ಗುಂಪಿದ್ದರೆ ಒಬ್ಬರಿಂದೊಬ್ಬರು ದೂರ ಸರಿಯಿರಿ. ತಂತಿ ಬೇಲಿ ಮುಟ್ಟಬೇಡಿ, ದನವನ್ನು ಕಬ್ಬಿಣದ ಸರಪಳಿಯಲ್ಲಿ ಬೇಲಿಗೆ ಕಟ್ಟಬೇಡಿ.

ಮನೆಯೊಳಗೆ ನಲ್ಲಿ, ಸ್ನಾನ, ಪ್ಲಗ್ಗಿಗೆ ಸಿಕ್ಕಿಸಿದ ಚಾರ್ಜರಿನ ಫೋನು ಬೇಡ. ಬರೀ ಕೈಯಲ್ಲಿರುವ ಮೊಬೈಲ್ ಸಿಡಿಲನ್ನು ಎಳೆಯುವುದಿಲ್ಲ. ಸಿಡಿಲು ತಾಗಿದವರನ್ನು ಮುಟ್ಟಿದರೆ ಶಾಕ್ ಹೊಡೆಯುತ್ತದೆ ಎಂಬ ನಂಬಿಕೆಯೇ ಹಲವರ ಜೀವ ತೆಗೆದಿದೆ. ಅವರ ಮೈಯಲ್ಲಿ ವಿದ್ಯುತ್ತು ಉಳಿದಿರುವುದಿಲ್ಲ. ಉಸಿರಿಲ್ಲದಿದ್ದರೆ ತಕ್ಷಣ ಎದೆಯ ನಡುವೆ ಎರಡೂ ಅಂಗೈ ಇಟ್ಟು ನಿಮಿಷಕ್ಕೆ 100ರಿಂದ 120 ಸಲ, ಎರಡು ಅಂಗುಲ ಇಳಿಯುವಂತೆ ಒತ್ತುತ್ತಿರಿ, ಇನ್ನೊಬ್ಬರು 108ಕ್ಕೆ ಕರೆ ಮಾಡಲಿ.

ಪಂಪ್‌ಸೆಟ್ಟಿನ ಫ್ಯೂಸ್ ತೆಗೆಯುವುದಿದ್ದರೆ ಮೋಡ ದೂರ ಇರುವಾಗಲೇ ತೆಗೆಯಿರಿ. ಗುಡುಗು ಹತ್ತಿರ ಬಂದ ಮೇಲೆ ಸ್ಟಾರ್ಟರ್ ಪೆಟ್ಟಿಗೆ ಮುಟ್ಟುವುದು ಮೋಟಾರಿಗಾಗಿ ಜೀವ ಪಣಕ್ಕಿಟ್ಟಂತೆ. ಕರೆಂಟ್ ವಾಪಸು ಬಂದ ಮೊದಲ ಹತ್ತು ನಿಮಿಷ ವೋಲ್ಟೇಜ್ ಏರಿಳಿಯುತ್ತದೆ, ಮೋಟಾರು ಸುಡುವುದು ಆಗಲೇ. ತಂತಿ ಹರಿದು ಬಿದ್ದಿದ್ದರೆ ಹತ್ತು ಮೀಟರ್ ದೂರ ನಿಂತು ವಿದ್ಯುತ್ ಕಂಪನಿಯ 1912ಕ್ಕೆ ತಿಳಿಸಿ.

ತಂಪನ್ನು ಮನೆಯೊಳಗೆ ತರುವುದು

ಧೂಳಿನ ಗಾಳಿ ಬರುವಾಗ ಕಿಟಕಿ ಮುಚ್ಚಿ, ಮಳೆ ಹಿಡಿದ ಹತ್ತು ನಿಮಿಷದ ಮೇಲೆ ಗಾಳಿ ಬಂದು ಬಡಿಯದ ಬದಿಯ ಕಿಟಕಿಗಳನ್ನು ಮೊದಲು ತೆರೆಯಿರಿ. ಹೊರಗೆ 24 ಇದ್ದರೂ ಒಳಗೆ 33 ಇರುವುದು ಆರ್‌ಸಿಸಿ ಚಾವಣಿ ಹೀರಿಟ್ಟ ಬಿಸಿಯಿಂದ. ಆ ಬಿಸಿ ಹೋಗಲು ರಾತ್ರಿಯೆಲ್ಲ ಗಾಳಿಯಾಡಬೇಕು. ಮಳೆ ಬಂತಲ್ಲ ಎಂದು ಎಲ್ಲ ಮುಚ್ಚಿ ಮಲಗಿದರೆ ಬೆಳಗಿನ ಜಾವ ಸೆಕೆಗೆ ಎಚ್ಚರವಾಗುತ್ತದೆ.

ಕೂಲರ್ ಇರುವವರು ಮಳೆಯ ನಂತರ ನೀರಿನ ಪಂಪು ಆರಿಸಿ ಫ್ಯಾನ್ ಮಾತ್ರ ಓಡಿಸಿ. ಕೂಲರೂ ಒದ್ದೆ ಬುರುಡೆಯ ತಮ್ಮನೇ. ಒಣ 38, ಒದ್ದೆ 20 ಇದ್ದ ಮಧ್ಯಾಹ್ನ ಅದು 25ರ ಹತ್ತಿರದ ಗಾಳಿ ಕೊಡುತ್ತದೆ. ಮಳೆಯಾಗಿ ಒಣ 27, ಒದ್ದೆ 24 ಆದ ಮೇಲೆ ಎರಡು ಡಿಗ್ರಿ ಇಳಿಸಿ, ಹಾಸಿಗೆಯನ್ನೆಲ್ಲ ಜಿಗುಟು ಮಾಡುತ್ತದೆ.

ಈ ತಂಪು ಎಷ್ಟು ದಿನ? ಮಳೆ ಸುತ್ತ ಹತ್ತೂರಿಗೆ ಬಿದ್ದಿದ್ದರೆ ಮರುದಿನದ ಬಿಸಿಲಿನಲ್ಲಿ ಒಂದು ಪಾಲು ನೆಲದ ತೇವ ಆರಿಸಲು ಖರ್ಚಾಗುತ್ತದೆ, ಗರಿಷ್ಠ ತಾಪಮಾನ ಎರಡು ಮೂರು ಡಿಗ್ರಿ ಕಡಿಮೆ ನಿಲ್ಲುತ್ತದೆ. ನಿಮ್ಮ ಊರಿಗೊಂದೇ ಬಿದ್ದಿದ್ದರೆ ಮರುದಿನ ಹನ್ನೊಂದಕ್ಕೆಲ್ಲ ಹಳೆಯ ಬಿಸಿ ಮರಳುತ್ತದೆ, ಜೊತೆಗೆ ತೇವವೂ ಇರುವುದರಿಂದ ಧಗೆ ಹಿಂದಿನ ದಿನಕ್ಕಿಂತ ಹೆಚ್ಚು. ಮರುದಿನ ತಂಪಿದೆ ಎಂದು ಹೊಲದ ಕೆಲಸವನ್ನು ಮಧ್ಯಾಹ್ನಕ್ಕೆ ಹಾಕಿಕೊಳ್ಳುವ ಮುಂಚೆ ಹತ್ತು ಗಂಟೆಗೆ ಒದ್ದೆ ಬುರುಡೆ ನೋಡಿ.

ಬಿದ್ದ ಮಳೆಯನ್ನು ಅಳೆದು ಬಳಸುವುದು

ಒಂದು ಲೀಟರಿನ ನೇರ ಗೋಡೆಯ ಪ್ಲಾಸ್ಟಿಕ್ ಬಾಟಲಿಯ ಕುತ್ತಿಗೆ ಕತ್ತರಿಸಿ, ಆ ತುಂಡನ್ನೇ ಮಗುಚಿ ಆಲಿಕೆಯಂತೆ ಕೂರಿಸಿ. ಬಾಟಲಿಯ ತಳ ಉಬ್ಬುತಗ್ಗು ಇರುವುದರಿಂದ ಗೋಲಿಕಲ್ಲು ಹಾಕಿ, ತಳದ ವಕ್ರ ಮುಗಿಯುವ ಮಟ್ಟಕ್ಕೆ ನೀರು ತುಂಬಿ ಅಲ್ಲಿ ಸೊನ್ನೆ ಗೆರೆ ಎಳೆಯಿರಿ. ಅಲ್ಲಿಂದ ಮೇಲಕ್ಕೆ ಸ್ಕೇಲು ಅಂಟಿಸಿ. ಆಲಿಕೆಯ ಬಾಯಿ ಬಾಟಲಿಯಷ್ಟೇ ಅಗಲ ಇದ್ದರೆ ಮಾತ್ರ ಸ್ಕೇಲಿನ ಒಂದು ಮಿ.ಮೀ. ನಿಜವಾಗಿ ಒಂದು ಮಿ.ಮೀ. ಮಳೆ. ಮರ, ಗೋಡೆಯಿಂದ ಅವುಗಳ ಎತ್ತರದ ಎರಡರಷ್ಟು ದೂರ ಇಡಿ. ಬೆಳಿಗ್ಗೆ 8:30ಕ್ಕೆ ಓದಿ. ಇಲಾಖೆಯೂ ಆ ಹೊತ್ತಿಗೇ ಅಳೆಯುವುದರಿಂದ 14ರ ಸಂಜೆಯ ಮಳೆ 15ರ ಲೆಕ್ಕದಲ್ಲಿ ಬರುತ್ತದೆ. ಪೇಪರಿನ ಅಂಕಿಯ ಜೊತೆ ಹೋಲಿಸುವಾಗ ಈ ಒಂದು ದಿನ ಮರೆಯಬೇಡಿ.

ಒಂದು ಎಕರೆಗೆ ಒಂದು ಮಿ.ಮೀ. ಎಂದರೆ ಸುಮಾರು 4,000 ಲೀಟರ್. 25 ಮಿ.ಮೀ. ಬಿದ್ದರೆ ಲಕ್ಷ ಲೀಟರ್. ಆದರೆ ಬಿದ್ದದ್ದೆಲ್ಲ ಇಳಿಯುವುದಿಲ್ಲ. ಗಟ್ಟಿ ಹೆಪ್ಪು ಕಟ್ಟಿದ ಕೆಂಪು ಮಣ್ಣಿನ ಮೇಲೆ ಇಪ್ಪತ್ತು ನಿಮಿಷದ ಬಿರುಮಳೆ ಹೆಚ್ಚಿನ ಪಾಲು ಹರಿದುಹೋಗುತ್ತದೆ. ಬಿರುಕು ಬಿಟ್ಟ ಎರೆ ಹೊಲ ಮೊದಲ ಮಳೆಯನ್ನು ನುಂಗುತ್ತದೆ. ಮರುದಿನ ಬೆಳಿಗ್ಗೆ ಹೊಲದ ನಾಲ್ಕು ಕಡೆ ಸಲಾಕೆ ಚುಚ್ಚಿ ಎಷ್ಟು ಆಳ ಹಸಿಯಾಗಿದೆ ನೋಡಿ. ಗೇಣುದ್ದ ಇಳಿದಿದ್ದರೆ, ಹಿಡಿ ಮಣ್ಣು ಅಮುಕಿದಾಗ ಉಂಡೆಯಾಗಿ, ಎದೆಯೆತ್ತರದಿಂದ ಬಿಟ್ಟರೆ ಪುಡಿಯಾದರೆ ಉಳುಮೆಗೆ ಹದ. ಬೆರಳಿಗೆ ಅಂಟಿದರೆ ಒಂದು ದಿನ ಕಾಯಿರಿ, ಎರೆ ಮಣ್ಣಿನಲ್ಲಿ ಎರಡು ದಿನ. ಇಳಿಜಾರಿಗೆ ಅಡ್ಡಲಾಗಿ ಉತ್ತರೆ ಮುಂದಿನ ಮಳೆ ಹೊಲದಲ್ಲೇ ನಿಲ್ಲುತ್ತದೆ.

ಏಪ್ರಿಲ್ 13-14ರ ಸುಮಾರಿಗೆ ಅಶ್ವಿನಿ, 27ರ ಹೊತ್ತಿಗೆ ಭರಣಿ, ಮೇ 11ಕ್ಕೆ ಕೃತ್ತಿಕಾ, 25ಕ್ಕೆ ರೋಹಿಣಿ ಮಳೆ ಹುಟ್ಟುತ್ತವೆ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂಬ ಗಾದೆ ದಕ್ಷಿಣದ ಜಿಲ್ಲೆಗಳಿಗೆ ಹೊಂದುತ್ತದೆ. ಮೈಸೂರು, ಮಂಡ್ಯ, ತುಮಕೂರು ಕಡೆ ಈ ಮಳೆಗೆ ಎಳ್ಳು, ಹೆಸರು, ಅಲಸಂದೆ ಬಿತ್ತುತ್ತಾರೆ. ಅಲ್ಲೂ ಒಂದೇ ಮಳೆ ನಂಬಿ ಬೀಜ ಹಾಕಬೇಡಿ, ಎರಡನೆಯ ಹದ ಮಳೆ ಬೀಳಲಿ. ಮೊಳೆತ ಮೇಲೆ ಹದಿನೈದು ದಿನ ಒಣ ಹವೆ ಬಂದರೆ ಬೀಜವೂ ಹೋಯಿತು, ತೇವವೂ ಹೋಯಿತು. ಕಲಬುರಗಿ, ರಾಯಚೂರು ಕಡೆ ಭರಣಿ ಮಳೆ ಉಳುಮೆಗಷ್ಟೇ, ಬಿತ್ತನೆಗೆ ಮುಂಗಾರು ಕಾಲೂರಬೇಕು.

ಬೆಳೆ ವಿಮೆ ಮಾಡಿಸಿದವರು ಆಲಿಕಲ್ಲಿನ ಹಾನಿಯನ್ನು 72 ಗಂಟೆಯೊಳಗೆ ತಿಳಿಸಬೇಕು. ಕೊಯ್ದು ಹೊಲದಲ್ಲೇ ಒಣಗಲು ಹರಡಿದ ಬೆಳೆ ಅಕಾಲಿಕ ಮಳೆಗೆ ಸಿಕ್ಕಿದರೂ, ಕೊಯ್ಲಿನಿಂದ 14 ದಿನದವರೆಗೆ ಫಸಲ್ ಬಿಮಾ ಯೋಜನೆಯಲ್ಲಿ ಅವಕಾಶ ಇದೆ. ದೂರಿನ ಸಂಖ್ಯೆ 14447. ಹಾನಿಯಾದ ಹೊಲದ ಫೋಟೊಗಳನ್ನು ಸರ್ವೆ ನಂಬರಿನ ಗುರುತು ಸಿಗುವ ಹಾಗೆ ಬದುವಿನ ಕಲ್ಲು, ಬಾವಿ, ಮರ ಸೇರಿಸಿ ತೆಗೆಯಿರಿ. ಆಲಿಕಲ್ಲು ಕರಗುವ ಮುಂಚೆ, ಅಳತೆ ಗೊತ್ತಾಗಲು ಒಂದು ರೂಪಾಯಿ ನಾಣ್ಯ ಪಕ್ಕದಲ್ಲಿಟ್ಟು ಒಂದು ಫೋಟೊ ಇರಲಿ.